ಮೂರು ವಾರದ ಹಾಸಿಗೆ, ನಲವತ್ತು ವರ್ಷದ ವಯಸ್ಸು

1966ರ ಬೇಸಿಗೆಯಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಆಸುಪಾಸಿನ ಐವರು ಯುವಕರು ಹಾಸಿಗೆ ಹಿಡಿದರು. ಯಾರಿಗೂ ಕಾಯಿಲೆ ಇರಲಿಲ್ಲ. ಮಲಗುವುದೇ ಅವರು ಒಪ್ಪಿಕೊಂಡಿದ್ದ ಕೆಲಸ. ಇಪ್ಪತ್ತು ದಿನ ಎದ್ದು ನಿಲ್ಲುವಂತಿಲ್ಲ, ಹೆಜ್ಜೆ ಇಡುವಂತಿಲ್ಲ, ಶೌಚಕ್ಕೂ ನಡೆದು ಹೋಗುವಂತಿಲ್ಲ. ಇಪ್ಪತ್ತು ದಿನ ಮುಗಿದ ಮೇಲೆ ಎಬ್ಬಿಸಿ ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಅವರ ಉಸಿರನ್ನು ಚೀಲಗಳಲ್ಲಿ ಹಿಡಿದು ಅಳೆದರು. ನಂತರ ಸುಮಾರು ಎಂಟು ವಾರ ಚೆನ್ನಾಗಿ ಬೆವರಿಳಿಸಿ ತರಬೇತಿ ಕೊಟ್ಟು ಮತ್ತೆ ಅಳೆದರು. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಹುಡುಕಿ ಕರೆತಂದು ಅಳೆದರು. ನಲವತ್ತು ವರ್ಷಕ್ಕೆ ಇನ್ನೊಮ್ಮೆ.

ನಾನು ಫಿಸಿಯೋಥೆರಪಿಸ್ಟ್. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಮನೆಮನೆಗೆ ಹೋಗಿ ಹಿರಿಯರಿಗೆ ವ್ಯಾಯಾಮ ಮಾಡಿಸುತ್ತೇನೆ. ಹೋದ ಮನೆಗಳಲ್ಲಿ ಅರ್ಧಕ್ಕರ್ಧ ಕಡೆ ಬಾಗಿಲಲ್ಲೇ ಕೇಳಿಸುವ ಮಾತು ಒಂದೇ: "ವಯಸ್ಸಾಯಿತಲ್ಲ, ಇನ್ನೇನು ಮಾಡಲಾಗುತ್ತದೆ?" ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಡಲ್ಲಾಸಿನ ಆ ಐವರು ನೆನಪಾಗುತ್ತಾರೆ. ಅವರ ಕಥೆಯನ್ನು ಅಂಕಿಗಳ ಸಮೇತ ಒಮ್ಮೆ ಪೂರ್ತಿಯಾಗಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಈಚೆಗೆ ನೋಡಿಕೊಂಡ ಒಬ್ಬ ಅಮ್ಮನವರ ಕಥೆಯೂ ಅದರ ಜೊತೆಗೇ ಬರುತ್ತದೆ. ಅದನ್ನು ಇದರಿಂದ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಆರೋಗ್ಯವಂತ ಯುವಕರನ್ನು ಯಾಕೆ ಮಲಗಿಸಿದರು ಎಂದು ಯಾರಾದರೂ ಕೇಳಿಯಾರು. ಆ ಕಾಲದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಮಂಚದಿಂದ ಕೆಳಗಿಳಿಯಗೊಡುತ್ತಿರಲಿಲ್ಲ. ಪೆಟ್ಟು ತಿಂದ ಹೃದಯಕ್ಕೆ ವಿಶ್ರಾಂತಿ ಬೇಕು, ಅಲುಗಾಡಿದರೆ ಅಪಾಯ ಎಂಬುದು ವೈದ್ಯರ ನಂಬಿಕೆ. 1950ರ ದಶಕದ ಆರಂಭದಲ್ಲೇ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಇಂತಹ ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಅದರಿಂದ ಒಳ್ಳೆಯದೇ ಆಗುತ್ತದೆ ಎಂದು ಬರೆದಿದ್ದರು. ಆದರೂ ಹಳೆಯ ರೂಢಿ ಸುಲಭಕ್ಕೆ ಹೋಗಲಿಲ್ಲ. ಇತ್ತ ಗಗನಯಾನದ ಪೈಪೋಟಿಯೂ ಜೋರಾಗಿತ್ತು. ಭಾರವೇ ಇಲ್ಲದ ಜಾಗದಲ್ಲಿ ವಾರಗಟ್ಟಲೆ ತೇಲುವವನ ಹೃದಯಕ್ಕೆ ಏನಾಗುತ್ತದೆ ಎಂಬುದನ್ನು ನೆಲದ ಮೇಲೆ ತಿಳಿಯಬೇಕಾದರೆ ಮಲಗಿಸಿ ನೋಡುವುದೇ ಹತ್ತಿರದ ದಾರಿ. ಟೆಕ್ಸಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಶಾಲೆಯಲ್ಲಿ ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್, ಗುನ್ನಾರ್ ಬ್ಲೊಮ್‌ಕ್ವಿಸ್ಟ್, ಜೆರಿ ಮಿಚೆಲ್ ಮತ್ತು ಸಂಗಡಿಗರು ಈ ಕೆಲಸಕ್ಕೆ ಕೈಹಾಕಿದರು. ಐವರಲ್ಲಿ ಇಬ್ಬರು ಮೊದಲಿನಿಂದ ಆಟೋಟದಲ್ಲಿದ್ದವರು, ಮೂವರು ಅಷ್ಟಾಗಿ ಮೈ ಬಗ್ಗಿಸದವರು. 1968ರಲ್ಲಿ ವರದಿ ಪ್ರಕಟವಾಯಿತು.

ಅವರು ಅಳೆದ ಮುಖ್ಯ ಸಂಗತಿ ಗರಿಷ್ಠ ಆಮ್ಲಜನಕ ಬಳಕೆ. ಇನ್ನು ಒಂದು ಹೆಜ್ಜೆಯೂ ಆಗದು ಎನ್ನುವವರೆಗೆ ಓಡುವಾಗ ದೇಹ ನಿಮಿಷಕ್ಕೆ ಎಷ್ಟು ಲೀಟರ್ ಆಮ್ಲಜನಕವನ್ನು ಉರಿಸಬಲ್ಲದು ಎಂಬ ಲೆಕ್ಕ ಇದು. ಕೇಳಲು ಓಟಗಾರರ ವಿಷಯದಂತಿದೆ. ಆದರೆ ತರಕಾರಿ ಚೀಲ ಹಿಡಿದು ದಿಣ್ಣೆ ಹತ್ತುವವರಿಗೂ, ಒದ್ದೆ ಸೀರೆ ಹಿಂಡಿ ಹರವುವವರಿಗೂ ಇದೇ ಬಂಡವಾಳ. ಬಂಡವಾಳ ದೊಡ್ಡದಿದ್ದಾಗ ಸ್ನಾನ ಮಾಡುವುದು ಅದರ ಒಂದು ಮೂಲೆಯನ್ನಷ್ಟೇ ಕೇಳುತ್ತದೆ. ಅದು ಕರಗುತ್ತ ಹೋದರೆ ಒಂದು ದಿನ ಸ್ನಾನವೇ ಇಡೀ ಬಂಡವಾಳವನ್ನು ಕೇಳಲು ಶುರುಮಾಡುತ್ತದೆ. "ಸ್ನಾನ ಮಾಡಿ ಬಂದರೆ ಅರ್ಧ ಗಂಟೆ ಮಲಗಲೇಬೇಕು" ಎಂದು ಹಿರಿಯರು ಹೇಳುವಾಗ ಅವರು ಹೇಳುತ್ತಿರುವುದು ಇದನ್ನೇ.

ಮಲಗುವ ಮೊದಲು ಆ ಯುವಕರ ಸರಾಸರಿ ನಿಮಿಷಕ್ಕೆ 3.30 ಲೀಟರ್ ಇತ್ತು. ಇಪ್ಪತ್ತು ದಿನದ ನಂತರ 2.43. ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಿತ್ತು. ಹೃದಯ ಪೂರ್ತಿ ವೇಗದಲ್ಲಿ ಬಡಿಯುವಾಗ ನಿಮಿಷಕ್ಕೆ 20 ಲೀಟರ್ ರಕ್ತ ದೂಡುತ್ತಿದ್ದದ್ದು 14.8 ಲೀಟರಿಗೆ ಇಳಿದಿತ್ತು. ಬಡಿತದ ವೇಗವೇನೂ ಕಡಿಮೆಯಾಗಿರಲಿಲ್ಲ. ಆದರೆ ಒಂದೊಂದು ಬಡಿತಕ್ಕೆ 104 ಮಿಲಿಲೀಟರ್ ಹೊರಡುತ್ತಿದ್ದಲ್ಲಿ ಈಗ 74 ಮಾತ್ರ ಹೊರಡುತ್ತಿತ್ತು. ಬಾವಿಯಿಂದ ಅದೇ ವೇಗದಲ್ಲಿ ನೀರು ಸೇದುತ್ತಿದ್ದೀರಿ, ಆದರೆ ಕೊಡವೇ ಸಣ್ಣದಾಗಿಬಿಟ್ಟಿದೆ ಎಂದುಕೊಳ್ಳಿ.

ಕೊಡ ಸಣ್ಣದಾಗುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮನೆಗಳ ಮಂಚದ ಮೇಲೂ ಆಗುವುದು ಇದೇ. ನಿಂತಾಗ ಕಾಲು, ಹೊಟ್ಟೆಯ ರಕ್ತನಾಳಗಳಲ್ಲಿ ಇಳಿದು ನಿಲ್ಲುವ ರಕ್ತ ಮಲಗಿದೊಡನೆ ಎದೆಯ ಕಡೆಗೆ ಸರಿಯುತ್ತದೆ. ಮೈಯಲ್ಲಿ ನೀರು ಹೆಚ್ಚಾಯಿತು ಎಂದು ದೇಹ ತಿಳಿಯುತ್ತದೆ. ಮೂತ್ರಪಿಂಡಗಳು ಆ ಹೆಚ್ಚುವರಿಯನ್ನು ಹೊರಹಾಕುತ್ತವೆ. ಮೊದಲ ಕೆಲವು ದಿನಗಳಲ್ಲೇ ರಕ್ತದ ದ್ರವಭಾಗ ಕಡಿಮೆಯಾಗುತ್ತದೆ. ಹೃದಯಕ್ಕೆ ತುಂಬಿಕೊಳ್ಳಲು ಸಿಗುವ ರಕ್ತವೇ ಕಡಿಮೆ, ದೂಡುವ ಕೆಲಸವೂ ಕಡಿಮೆ. ವಾರಗಳು ಕಳೆದಂತೆ ಅದರ ಸ್ನಾಯುವೂ ಕುಗ್ಗುತ್ತದೆ. ಹೀಗೆ ಮಲಗಿದ್ದವರನ್ನು ಒಮ್ಮೆಲೇ ಎಬ್ಬಿಸಿ ನಿಲ್ಲಿಸಿದರೆ ಕಣ್ಣು ಕತ್ತಲೆ ಬರುತ್ತದೆ. ಆಗ ಮನೆಯವರು ಹೆದರಿ "ನೋಡಿ, ಆಗುವುದಿಲ್ಲ, ಮಲಗಿಸಿಬಿಡಿ" ಎನ್ನುತ್ತಾರೆ. ಮಲಗಿದ್ದರಿಂದ ಬಂದ ತಲೆಸುತ್ತಿಗೆ ಮತ್ತೆ ಮಲಗಿಸುವುದೇ ಔಷಧವಾಗುತ್ತದೆ. ಈ ಸುಳಿಯಲ್ಲಿ ಸಿಕ್ಕಿದವರನ್ನು ನಾನು ಎಷ್ಟು ಮಂದಿಯನ್ನು ನೋಡಿದ್ದೇನೋ ಲೆಕ್ಕವಿಲ್ಲ.

ಎಂಟು ವಾರದ ತರಬೇತಿಯ ನಂತರ ಯುವಕರು 3.91 ಲೀಟರಿಗೆ ಏರಿದರು. ಕಳೆದುಕೊಂಡದ್ದು ಪೂರ್ತಿ ಬಂದಿತು, ಮೇಲೆ ಇನ್ನಷ್ಟು ಸೇರಿತು. ಅಲ್ಲಿಗೆ ಒಂದು ಘಟ್ಟ ಮುಗಿಯಿತು. ಹೃದಯಾಘಾತದ ರೋಗಿಗಳನ್ನು ಬೇಗ ಎಬ್ಬಿಸಿ ನಡೆಸುವ ಇಂದಿನ ಪದ್ಧತಿಗೆ ಬಲವಾದ ಆಧಾರಗಳಲ್ಲಿ ಈ ವರದಿಯೂ ಒಂದು.

ಈಗ ನಮ್ಮೂರಿನ ಅಮ್ಮನವರ ವಿಷಯ. ವಯಸ್ಸು 71. ಅಡಕೆ ತೋಟದ ಮನೆ, ಹಿಂದೆ ಕೊಟ್ಟಿಗೆ, ಮುಂದೆ ನಾಲ್ಕು ಮೆಟ್ಟಿಲಿನ ಜಗಲಿ. ಚಿಕೂನ್‌ಗುನ್ಯ ಬಂದಿತ್ತು. ಜ್ವರ ವಾರದೊಳಗೆ ಬಿಟ್ಟಿತು, ಗಂಟುನೋವು ಬಿಡಲಿಲ್ಲ. ಮನೆಯವರು ಒಳ್ಳೆಯವರು, ನೋವಿರುವ ಅತ್ತೆಯನ್ನು ಸೊಸೆ ಏಳಗೊಡಲಿಲ್ಲ. ಕಾಫಿ ಮಂಚಕ್ಕೆ, ಊಟ ಮಂಚಕ್ಕೆ, ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ. "ಅತ್ತೆ, ನೀವು ಸುಮ್ಮನೆ ಮಲಗಿ, ಏನು ಬೇಕಾದರೂ ನನ್ನನ್ನು ಕರೆಯಿರಿ" ಎಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನನ್ನನ್ನು ಕರೆಸುವ ಹೊತ್ತಿಗೆ ಒಂದು ತಿಂಗಳಿನ ಮೇಲಾಗಿತ್ತು.

ಮೊದಲ ದಿನ ನಾನು ಅವರಿಗೆ ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದೆ. ಅಂಗೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮುಂದಕ್ಕೆ ಬಾಗಿದರು. ತೊಡೆ ನಡುಗಿತು, ಹಿಮ್ಮಡಿ ನೆಲ ಬಿಟ್ಟಿತು, ಆದರೆ ಮೈ ಕುರ್ಚಿಯನ್ನು ಬಿಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ನನ್ನ ಮುಖ ನೋಡಿ, "ಕಾಲಿನಲ್ಲಿ ಜೀವವೇ ಇಲ್ಲವಮ್ಮ" ಎಂದರು. ಎರಡು ತಿಂಗಳ ಹಿಂದೆ ಇವರೇ ಕೊಟ್ಟಿಗೆಗೆ ಹೋಗಿ ಹಾಲು ಕರೆಯುತ್ತಿದ್ದವರು. ಮಗ ಬಾಗಿಲಲ್ಲಿ ನಿಂತಿದ್ದರು. "ಎಪ್ಪತ್ತೊಂದು ಆಯಿತಲ್ಲ ಮೇಡಂ" ಎಂದರು. ನಾನು ಕೇಳಿದೆ: "ಎರಡು ತಿಂಗಳ ಹಿಂದೆ ಎಷ್ಟಾಗಿತ್ತು?"

ಹಿರಿಯರ ಸ್ನಾಯುವಿಗೆ ಹಾಸಿಗೆ ಇನ್ನೂ ದುಬಾರಿ. ಸರಾಸರಿ 67 ವರ್ಷದ ಆರೋಗ್ಯವಂತರ ಒಂದು ಸಣ್ಣ ತಂಡವನ್ನು ಅಮೆರಿಕದಲ್ಲಿ ಹತ್ತೇ ದಿನ ಮಲಗಿಸಿ ನೋಡಿದ್ದಾರೆ. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಹತ್ತು ದಿನಕ್ಕೆ! ಜ್ವರ, ನೋವು, ಊಟ ಸೇರದಿರುವುದು ಇವೆಲ್ಲ ಜೊತೆಗಿದ್ದರೆ ಏನಾಗಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಡಲ್ಲಾಸಿಗೆ ಮರಳೋಣ. 1996ರಲ್ಲಿ ಬೆಂಜಮಿನ್ ಲೆವೈನ್ ಎಂಬ ವೈದ್ಯರು ಹಳೆಯ ತಂಡದವರ ಜೊತೆ ಸೇರಿ ಆ ಐವರನ್ನು ಮತ್ತೆ ಕರೆಸಿದರು. ಐವರೂ ಬದುಕಿದ್ದರು, ಐವರೂ ಬಂದರು. ಐವತ್ತರ ಗೃಹಸ್ಥರು. 77 ಕಿಲೋ ಇದ್ದ ಸರಾಸರಿ ತೂಕ 100 ಕಿಲೋ ಆಗಿತ್ತು, ದೇಹದ ಕೊಬ್ಬಿನ ಪ್ರಮಾಣ ಶೇ 14ರಿಂದ ಶೇ 28ಕ್ಕೆ, ಅಂದರೆ ಎರಡರಷ್ಟಕ್ಕೆ, ಏರಿತ್ತು. ಗರಿಷ್ಠ ಆಮ್ಲಜನಕ ಬಳಕೆ 2.9 ಲೀಟರ್. ಮೂವತ್ತು ವರ್ಷದ ಸಂಸಾರ, ನೌಕರಿ, ಏರಿದ ತೂಕ ಎಲ್ಲ ಸೇರಿ ಸುಮಾರು ಶೇ 12ರಷ್ಟನ್ನು ಕಿತ್ತುಕೊಂಡಿದ್ದವು. ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದು ಶೇ 26. ಐವತ್ತರ ಆ ದಪ್ಪ ಮನುಷ್ಯರು ಇಪ್ಪತ್ತರ ಹರೆಯದಲ್ಲಿ ಹಾಸಿಗೆಯಿಂದೆದ್ದ ದಿನ ತಾವೇ ಇದ್ದದ್ದಕ್ಕಿಂತ ಗಟ್ಟಿಯಾಗಿದ್ದರು.

ಈ ಸಾಲನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಅವರಿಗೆ ಆರು ತಿಂಗಳ ತರಬೇತಿ ಕೊಟ್ಟರು. 1966ರಂತೆ ಹಿಂಡಿ ಹಿಪ್ಪೆ ಮಾಡಲಿಲ್ಲ. ನಡಿಗೆ, ನಿಧಾನದ ಓಟ, ನಿಂತಲ್ಲೇ ತುಳಿಯುವ ಸೈಕಲ್. ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಕೊನೆಗೆ ವಾರಕ್ಕೆ ನಾಲ್ಕೂವರೆ ಗಂಟೆಯವರೆಗೆ ತಂದರು. ಆರು ತಿಂಗಳ ಕೊನೆಗೆ ಸರಾಸರಿ ಮತ್ತೆ ಇಪ್ಪತ್ತರ ಹರೆಯದ ಮಟ್ಟಕ್ಕೆ, ಅಂದರೆ 1966ರಲ್ಲಿ ಮಲಗುವ ಮುನ್ನ ಇದ್ದಲ್ಲಿಗೆ ಬಂದು ನಿಂತಿತು. ತೂಕ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ತೂಕದ ಕಾಟಾ ಅಲುಗಲಿಲ್ಲವೆಂದು ಎರಡನೇ ತಿಂಗಳಿಗೇ ನಡಿಗೆ ಬಿಡುವವರು ಇದನ್ನು ಗಮನಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಐವತ್ತನೇ ವಯಸ್ಸಿನಲ್ಲಿ ಅವರ ಹೃದಯದ ಗರಿಷ್ಠ ಬಡಿತ ನಿಮಿಷಕ್ಕೆ 193ರಿಂದ 181ಕ್ಕೆ ಇಳಿದಿತ್ತು. ಇದು ವಯಸ್ಸು ಮಾಡುವ ಕೆಲಸ. ಎಷ್ಟು ಓಡಿದರೂ ಇದನ್ನು ಹಿಂದಕ್ಕೆ ತರಲಾಗದು. ಆದರೆ ಪ್ರತಿ ಬಡಿತಕ್ಕೆ ಹೊರಡುವ ರಕ್ತ ಹೆಚ್ಚಾಗಿ, ಒಟ್ಟು ಹರಿವು ಇಪ್ಪತ್ತರಲ್ಲಿ ಇದ್ದಷ್ಟೇ ಉಳಿದಿತ್ತು. ಕಡಿಮೆಯಾಗಿದ್ದದ್ದು ಬಂದ ರಕ್ತದಿಂದ ಆಮ್ಲಜನಕವನ್ನು ಹೀರಿಕೊಳ್ಳುವ ಮಾಂಸಖಂಡಗಳ ಶಕ್ತಿ. ತರಬೇತಿಯಿಂದ ಮರಳಿ ಬಂದದ್ದೂ ಅದೇ. ಪಂಪ್ ಚೆನ್ನಾಗಿಯೇ ಇತ್ತು, ತೋಟದ ಮಣ್ಣು ಗಟ್ಟಿಯಾಗಿ ನೀರು ಕುಡಿಯುತ್ತಿರಲಿಲ್ಲ ಎಂದು ನಾನು ರೈತರ ಮನೆಗಳಲ್ಲಿ ಹೇಳುವುದುಂಟು. ಅಗೆದರೆ ಮಣ್ಣು ಸಡಿಲವಾಗುತ್ತದೆ. ಹರೆಯದಲ್ಲಿ ಎಂಟು ವಾರದ ತರಬೇತಿ ಪಂಪನ್ನೂ ದೊಡ್ಡದು ಮಾಡಿತ್ತು. ಐವತ್ತರಲ್ಲಿ ಆರು ತಿಂಗಳು ದುಡಿದರೂ ಅದು ದೊಡ್ಡದಾಗಲಿಲ್ಲ. ಹೀಗಾಗಿ ಅಂಕಿ ಇಪ್ಪತ್ತರದ್ದೇ ಆದರೂ, ಆ ಅಂಕಿಯನ್ನು ತಲುಪಿದ ದಾರಿ ಬೇರೆ.

2006ರಲ್ಲಿ, ಅರವತ್ತರ ಹೊಸಿಲಿನಲ್ಲಿ, ಮತ್ತೆ ಅದೇ ಪರೀಕ್ಷೆ. ಈ ಬಾರಿ ಇಳಿಕೆ ಹೆಚ್ಚಿತ್ತು. ಇಪ್ಪತ್ತರಿಂದ ಅರವತ್ತರವರೆಗಿನ ನಲವತ್ತು ವರ್ಷಗಳಲ್ಲಿ ಒಟ್ಟು ಶೇ 27. ಮೂರು ವಾರ ಮಲಗಿದ್ದಕ್ಕೆ ಹೆಚ್ಚುಕಡಿಮೆ ಸಮ. ಐವತ್ತರ ನಂತರದ ಹತ್ತು ವರ್ಷ ಅದಕ್ಕೆ ಮೊದಲಿನ ಮೂವತ್ತು ವರ್ಷಕ್ಕಿಂತ ಜೋರಾಗಿ ಕಿತ್ತಿತ್ತು. ಆರು ತಿಂಗಳಲ್ಲಿ ಗಳಿಸಿದ್ದು ಹತ್ತು ವರ್ಷ ತಾನಾಗಿಯೇ ಉಳಿಯುವುದಿಲ್ಲ ಎಂಬುದೂ ಇಲ್ಲಿ ಕಾಣುತ್ತದೆ. ವಯಸ್ಸು ಸುಳ್ಳಲ್ಲ. ಅದಕ್ಕೆ ಅದರದ್ದೇ ಪಾಲು ಇದೆ, ಕೊನೆಕೊನೆಗೆ ಆ ಪಾಲು ದೊಡ್ಡದಾಗುತ್ತದೆ. ನನ್ನ ತಕರಾರು ಒಂದೇ: ಹಾಸಿಗೆ ಮಾಡಿದ ಸಾಲವನ್ನೂ ನಾವು ವಯಸ್ಸಿನ ಖಾತೆಗೇ ಬರೆಯುತ್ತಿದ್ದೇವೆ.

ಐದೇ ಜನ, ಐವರೂ ಗಂಡಸರು, ಒಂದೇ ದೇಶದವರು. ಇದರಿಂದ ಎಲ್ಲರ ಬಗ್ಗೆ ತೀರ್ಪು ಕೊಡಲಾಗದು. ಇವರಲ್ಲಿ ಯಾರೂ ಬದುಕಿಡೀ ಬಿಡದೆ ವ್ಯಾಯಾಮ ಮಾಡಿದವರೆಂದು ಆಯ್ಕೆಯಾದವರೂ ಅಲ್ಲ. ಹಾಗೆ ಮಾಡಿದವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಬೆಂಜಮಿನ್ ಲೆವೈನ್ ಅವರ ತಂಡವೇ ಮುಂದೆ ಉತ್ತರ ಹುಡುಕಿತು. ಸುಮಾರು 25 ವರ್ಷಗಳಲ್ಲಿ ಎಷ್ಟು ವ್ಯಾಯಾಮ ಮಾಡುತ್ತ ಬಂದಿದ್ದಾರೆ ಎಂಬುದರ ಮೇಲೆ 102 ಹಿರಿಯರನ್ನು ನಾಲ್ಕು ಗುಂಪು ಮಾಡಿ ಅವರ ಹೃದಯದ ಎಡಭಾಗ ಎಷ್ಟು ಹಿಗ್ಗಬಲ್ಲದು ಎಂದು ನೋಡಿದರು, 2014ರಲ್ಲಿ ಪ್ರಕಟಿಸಿದರು. ವ್ಯಾಯಾಮವೇ ಮಾಡದವರ ಹೃದಯ ಗಡುಸಾಗಿತ್ತು. ವಾರಕ್ಕೆ ಎರಡು ಮೂರು ದಿನ ಮಾಡಿದವರದ್ದೂ ಹೆಚ್ಚು ಬೇರೆಯಾಗಿರಲಿಲ್ಲ. ವಾರಕ್ಕೆ ನಾಲ್ಕೈದು ದಿನ ಇಲ್ಲವೇ ಅದಕ್ಕಿಂತ ಹೆಚ್ಚು ದಿನದಂತೆ ಎರಡೂವರೆ ದಶಕ ನಡೆಸಿಕೊಂಡು ಬಂದವರ ಹೃದಯ ಮಾತ್ರ ಮೆದುವಾಗಿ ಹಿಗ್ಗುತ್ತಿತ್ತು. ಇನ್ನೊಂದೆಡೆ, 65 ದಾಟಿದ ಮೇಲೆ ಮೊದಲ ಬಾರಿಗೆ ಶುರುಮಾಡಿದವರನ್ನು ಒಂದು ವರ್ಷ ತರಬೇತಿಗೊಳಿಸಿದಾಗ ಆಮ್ಲಜನಕ ಬಳಕೆ ಹೆಚ್ಚಿತು, ಹೃದಯದ ಗಡುಸು ಹೋಗಲಿಲ್ಲ. ಹಾಗಾದರೆ ಯಾವಾಗ ಶುರುಮಾಡಬೇಕು? ಸರಾಸರಿ 53 ವರ್ಷದವರನ್ನು ಎರಡು ವರ್ಷ, ವಾರಕ್ಕೆ ನಾಲ್ಕೈದು ದಿನ, ನಡುವೆ ಏದುಸಿರು ಬರುವ ಕಷ್ಟದ ಸುತ್ತುಗಳೂ ಸೇರಿದಂತೆ ತರಬೇತಿಗೊಳಿಸಿ 2018ರಲ್ಲಿ ಫಲಿತಾಂಶ ಹೇಳಿದರು: ಆಮ್ಲಜನಕ ಬಳಕೆ ಶೇ 18 ಏರಿತ್ತು, ಹೃದಯದ ಗಡುಸೂ ಇಳಿದಿತ್ತು. ಐವತ್ತರ ಆಸುಪಾಸಿನಲ್ಲಿರುವ ನನ್ನ ರೋಗಿಗಳ ಮಕ್ಕಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ತಾಯಿಯನ್ನು ತೋರಿಸಲು ಬಂದವರು ಎಷ್ಟೋ ಸಲ ತಮ್ಮ ಮೊಣಕಾಲು ಹಿಡಿದುಕೊಂಡೇ ಕುರ್ಚಿಯಿಂದ ಏಳುತ್ತಾರೆ.

ಆಯುಸ್ಸು ಹೆಚ್ಚುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಡಲ್ಲಾಸಿನ ಅಧ್ಯಯನಕ್ಕೆ ಆ ಪ್ರಶ್ನೆಗೆ ಉತ್ತರಿಸುವ ಶಕ್ತಿ ಇಲ್ಲ. ದೊಡ್ಡ ಗುಂಪುಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದವರು ಹೇಳಿದ್ದಾರೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕೂತೇ ಇರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಿಗೆ ಹೃದಯಾಘಾತ ಕಡಿಮೆ ಎಂದು ಜೆರಿ ಮಾರಿಸ್ 1953ರಲ್ಲಿ ತೋರಿಸಿದರು. ಹಾರ್ವರ್ಡ್‌ನ ಸುಮಾರು 17,000 ಹಳೆಯ ವಿದ್ಯಾರ್ಥಿಗಳನ್ನು ಹಿಂಬಾಲಿಸಿದ ರಾಲ್ಫ್ ಪಾಫೆನ್‌ಬರ್ಗರ್, ಚಟುವಟಿಕೆಯಿಂದಿದ್ದವರು ಸರಾಸರಿ ಒಂದೆರಡು ವರ್ಷ ಹೆಚ್ಚು ಬದುಕುತ್ತಾರೆ ಎಂದು 1986ರಲ್ಲಿ ಲೆಕ್ಕ ಕೊಟ್ಟರು. ಅದೇ ಅಧ್ಯಯನದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಸಂಗತಿ: ಕಾಲೇಜಿನಲ್ಲಿ ದೊಡ್ಡ ಆಟಗಾರರಾಗಿದ್ದು ಆಮೇಲೆ ಬಿಟ್ಟವರಿಗೆ ಆ ಹಳೆಯ ಆಟ ರಕ್ಷೆ ಕೊಡಲಿಲ್ಲ. ಕಾಲೇಜಿನಲ್ಲಿ ಆಡದೆ ನಂತರ ಶುರುಮಾಡಿದವರಿಗೆ ಲಾಭ ಸಿಕ್ಕಿತು. "ನಾನು ಹೈಸ್ಕೂಲಿನಲ್ಲಿ ಕಬಡ್ಡಿ ತಂಡದ ನಾಯಕ" ಎಂದು ಹೇಳುವ ಅರವತ್ತರ ಯಜಮಾನರ ಎದುರು ನಾನು ಇದನ್ನು ಮೆಲ್ಲಗೆ ತೆಗೆಯುತ್ತೇನೆ. ಒಂದೆರಡು ವರ್ಷ ಎಂದರೆ ಕಡಿಮೆ ಎನಿಸಬಹುದು. ಆದರೆ ಕೊನೆಯ ಹತ್ತು ವರ್ಷವನ್ನು ಬಚ್ಚಲಿಗೆ ತಾನೇ ನಡೆದು ಹೋಗುತ್ತ ಕಳೆಯುವುದಕ್ಕೂ ಇನ್ನೊಬ್ಬರ ಕೈ ಕಾಯುತ್ತ ಕಳೆಯುವುದಕ್ಕೂ ಇರುವ ಅಂತರವನ್ನು ನಾನು ದಿನವೂ ನೋಡುತ್ತೇನೆ. ನನಗೆ ಅದು ಆಯುಸ್ಸಿನ ಲೆಕ್ಕಕ್ಕಿಂತ ದೊಡ್ಡದು.

ಅಮ್ಮನವರಿಗೆ ಮಾಡಿಸಿದ್ದು ಬಹಳ ಸರಳ. ಮೊದಲ ವಾರ ಊಟ, ಕಾಫಿ ಎಲ್ಲ ಮಂಚ ಬಿಟ್ಟು ಕುರ್ಚಿಯಲ್ಲಿ. ಮಲಗಿದ್ದಲ್ಲಿಂದ ನೇರ ಏಳದೆ ಐದು ನಿಮಿಷ ಕಾಲು ಇಳಿಬಿಟ್ಟು ಕೂರಬೇಕು, ಆಗ ಕಣ್ಣು ಕತ್ತಲೆ ಬರುವುದಿಲ್ಲ. ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಹಾಕಿ ಎತ್ತರ ಮಾಡಿದೆವು. ಅಷ್ಟು ಎತ್ತರದಿಂದ ಅವರು ಕೈ ಊರದೆ ಏಳಬಲ್ಲವರಾಗಿದ್ದರು. ದಿನಕ್ಕೆ ಮೂರು ಸರದಿ, ಸರದಿಗೆ ಐದು ಬಾರಿ. ಎರಡನೇ ವಾರ ಒಂದು ದಿಂಬು ತೆಗೆದೆವು. ಕಮೋಡ್ ಕುರ್ಚಿಯನ್ನು ಅಟ್ಟಕ್ಕೆ ಹಾಕಿಸಿದೆ. ಸೊಸೆಗೆ ಇದು ಕಷ್ಟವಾಯಿತು. ಅತ್ತೆ ಗೋಡೆ ಹಿಡಿದು ಬಚ್ಚಲಿನ ಕಡೆ ಹೋಗುವಾಗ ಅವಳು ಹಿಂದೆಯೇ ಎರಡೂ ಕೈ ಚಾಚಿಕೊಂಡು ಹೋಗುತ್ತಿದ್ದಳು. ಒಂದು ದಿನ ನನ್ನ ಎದುರೇ ಅತ್ತು, "ನಾನೇ ಇವರನ್ನು ಹೀಗೆ ಮಾಡಿದೆನೇ?" ಎಂದು ಕೇಳಿದಳು. ಮೊದಲ ವಾರ ಜ್ವರವಿದ್ದಾಗ ಮಲಗಿಸಿದ್ದು ಸರಿಯೇ ಇತ್ತು, ಆಮೇಲಿನದ್ದನ್ನು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದೆ. ಅವಳ ಪ್ರೀತಿಯಲ್ಲಿ ತಪ್ಪು ಹುಡುಕುವುದು ನನ್ನಿಂದಾಗದು.

ಐದನೇ ವಾರ ದಿಂಬಿಲ್ಲದ ಕುರ್ಚಿ. ಆಮೇಲೆ ಜಗಲಿಯ ಮೆಟ್ಟಿಲು, ಮಗನ ಭುಜ ಹಿಡಿದು ಇಳಿಯುವುದು, ಕಂಬ ಹಿಡಿದು ಹತ್ತುವುದು. ಗಂಟುನೋವು ಇದ್ದೇ ಇತ್ತು. ನೋವು ಹೆಚ್ಚಾದ ದಿನ ಕಡಿಮೆ ಮಾಡಿಸಿದೆವು, ಪೂರ್ತಿ ಬಿಟ್ಟದ್ದು ಎರಡೇ ದಿನ. ಮೂರನೇ ತಿಂಗಳಿಗೆ ಕೊಟ್ಟಿಗೆಯವರೆಗೆ ಹೋಗಿ ಹಸುವಿನ ಬೆನ್ನು ಸವರಿ ಬಂದರು. ಹಾಲು ಕರೆಯಲು ಕುಕ್ಕರುಗಾಲಿನಲ್ಲಿ ಕೂರಲು ಮಂಡಿ ಇನ್ನೂ ಒಪ್ಪುತ್ತಿರಲಿಲ್ಲ.

ಕಳೆದ ವಾರ ಹೋದಾಗ ಊಟದ ಹೊತ್ತು. ಅವರು ಮಣೆಯ ಮೇಲೆ ಕೂತಿದ್ದರು. ಕುರ್ಚಿ ಅಲ್ಲೇ ಪಕ್ಕದಲ್ಲಿತ್ತು, ಅದನ್ನು ಬೇಡವೆಂದರಂತೆ. ಊಟ ಮುಗಿಸಿ ಎಡಗೈಯನ್ನು ನೆಲಕ್ಕೆ ಊರಿ, ಒಂದು ಮಂಡಿ ಎತ್ತಿ, ಸ್ವಲ್ಪ ತಡೆದು, ಎದ್ದು ನಿಂತರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದಳು. ಅವಳು ಮುಂದೆ ಬರಲಿಲ್ಲ.